ತಲೆಯ ಮೇಲೊಂದು ಕಾವಲಿ

ವರ್ಷಕ್ಕೆ ಎರಡು ಸಲ ಬೆಂಗಳೂರಿನಲ್ಲಿ ನೆರಳು ಕಾಣೆಯಾಗುತ್ತದೆ. ಏಪ್ರಿಲ್ 24ರ ಆಸುಪಾಸಿನಲ್ಲೊಮ್ಮೆ, ಆಗಸ್ಟ್ 18ರ ಆಸುಪಾಸಿನಲ್ಲಿ ಇನ್ನೊಮ್ಮೆ. ಮಧ್ಯಾಹ್ನ ಹನ್ನೆರಡೂಕಾಲು ದಾಟುವ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ. ಶಾಲೆಯ ಮಕ್ಕಳಿಗೆ ಅದು ಖಗೋಳದ ಪಾಠ. ರಾಜಾಜಿನಗರದ ಯಾವುದೋ ಅಡ್ಡರಸ್ತೆಯಲ್ಲಿ ಮೇಲ್ಮಹಡಿಯ ಮನೆ ಬಾಡಿಗೆಗೆ ಹಿಡಿದವರಿಗೆ ಅದೇ ದಿನ ಬೇರೆ ಪಾಠ ಕಲಿಸುತ್ತದೆ. ಆ ಗಳಿಗೆಯಲ್ಲಿ ನಾಲ್ಕು ಗೋಡೆಗಳಿಗೂ ನೇರ ಬಿಸಿಲು ತಾಗುವುದಿಲ್ಲ. ಬೀಳುವುದೆಲ್ಲ ತಾರಸಿಯ ಮೇಲೆ.

ಏಪ್ರಿಲ್ ನಡುಹಗಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬಿಸಿಲಿನ ಶಕ್ತಿ ಹೆಚ್ಚುಕಡಿಮೆ 1000 ವ್ಯಾಟ್. ಮೂವತ್ತು–ನಲವತ್ತರ ಸೈಟಿನ ಮನೆಗೆ 80 ಚದರ ಮೀಟರ್ ತಾರಸಿ ಎಂದು ಹಿಡಿದರೂ 80 ಕಿಲೋವ್ಯಾಟ್ ಆಯಿತು. ಒಂದೂವರೆ ಟನ್ನಿನ ಎಸಿ ಹೊರಹಾಕಬಲ್ಲ ಶಾಖ ಸುಮಾರು ಐದೂಕಾಲು ಕಿಲೋವ್ಯಾಟ್ ಮಾತ್ರ. ಬಿದ್ದದ್ದೆಲ್ಲ ಒಳಗಿಳಿಯುವುದಿಲ್ಲ ಎಂಬುದು ನಿಜ. ಒಂದಷ್ಟು ಪ್ರತಿಫಲಿಸಿ ಹೋಗುತ್ತದೆ, ಒಂದಷ್ಟನ್ನು ಗಾಳಿ ಒಯ್ಯುತ್ತದೆ. ಉಳಿದದ್ದು ಐದಾರು ಇಂಚಿನ ಕಾಂಕ್ರೀಟಿನಲ್ಲಿ ನಿಧಾನವಾಗಿ ಇಳಿದು, ಮೂರು–ನಾಲ್ಕು ಗಂಟೆ ತಡವಾಗಿ ಕೋಣೆಯ ಸೂರನ್ನು ಮುಟ್ಟುತ್ತದೆ. ಮಧ್ಯಾಹ್ನ ಕಾದ ಕಾವಲಿ, ಮನೆಮಂದಿಯೆಲ್ಲ ಬಂದು ಕೂತ ಸಂಜೆಯ ಹೊತ್ತಿಗೆ ಬಿಸಿ ಕೊಡಲು ಶುರುಮಾಡುತ್ತದೆ. ಫ್ಯಾನ್ ಹಾಕಿದರೆ ಅದು ಸೂರಿನ ಬಿಸಿಯನ್ನೇ ಕೆಳಕ್ಕೆ ತಳ್ಳುತ್ತದೆ.

ಇದು ಬೆಂಗಳೂರಿನಲ್ಲಿ ಆಗಬೇಕಾದ ಮಾತಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಊರು ಇದು. ಕಟ್ಟಡಗಳ ಇಂಧನ ಸಂಹಿತೆಗಾಗಿ ದೇಶವನ್ನು ಐದು ಹವಾಮಾನ ವಲಯಗಳಾಗಿ ಹಂಚಿದಾಗ ಬೆಂಗಳೂರು ಬಿದ್ದದ್ದು ಸಮಶೀತೋಷ್ಣದ ಪಾಲಿಗೆ. 2016ರ ಏಪ್ರಿಲ್ ಕೊನೆಯ ವಾರ 39.2 ಡಿಗ್ರಿ ಮುಟ್ಟಿತ್ತು, 2024ರ ಏಪ್ರಿಲ್ 28ರಂದು 38.5. ಇವು ದಾಖಲೆಯ ದಿನಗಳು. ಸಾಮಾನ್ಯ ಏಪ್ರಿಲ್‌ನಲ್ಲಿ ಹಗಲು 34ರ ಸುಮಾರು, ರಾತ್ರಿ 22ರ ಸುಮಾರು. ಹಗಲಿಗೂ ರಾತ್ರಿಗೂ ಹನ್ನೆರಡು ಡಿಗ್ರಿ ಅಂತರವಿರುವ ಊರಿನಲ್ಲಿ ತಂಪು ಪ್ರತಿ ರಾತ್ರಿ ಕಿಟಕಿಯ ಹೊರಗೇ ಬಂದು ನಿಂತಿರುತ್ತದೆ. ಅದನ್ನು ಒಳಕ್ಕೆ ಕರೆದು, ಹಗಲು ಬಿಸಿಲನ್ನು ಹೊರಗಿಟ್ಟರೆ ಆಯಿತು. ಬಸವೇಶ್ವರನಗರದಲ್ಲೋ ವಿಜಯನಗರದಲ್ಲೋ ಮನೆಯೊಂದಕ್ಕೆ ಎಸಿ ಬಂತೆಂದರೆ, ಹತ್ತರಲ್ಲಿ ಎಂಟು ಸಲ ಅದು ನಕ್ಷೆಯಲ್ಲಿ ಆದ ತಪ್ಪಿಗೆ ಕಟ್ಟುವ ದಂಡ ಎಂದೇ ನನ್ನ ಎಣಿಕೆ.

‘ಗ್ರೀನ್ ಬಿಲ್ಡಿಂಗ್’ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಹೊರವರ್ತುಲ ರಸ್ತೆಯ ಗಾಜಿನ ಗೋಪುರ, ಅದರ ಬಾಗಿಲಲ್ಲಿ ಹೊಳೆಯುವ ಪ್ರಮಾಣಪತ್ರ. ಆ ಗೋಪುರಗಳಿಗೆ ಸಲಹೆಗಾರರಿದ್ದಾರೆ, ಅವರನ್ನು ಅವರ ಪಾಡಿಗೆ ಬಿಡೋಣ. ಪಶ್ಚಿಮ ಬೆಂಗಳೂರು ಗಾಜಿನದಲ್ಲ, ಮೇಸ್ತ್ರಿಗಳದು. ಇಲ್ಲಿ ಮನೆಯನ್ನು ಅಳೆಯುವುದು ಚದರದಲ್ಲಿ, ಕಟ್ಟುವುದು ಸಾಲದಲ್ಲಿ.

ನಾಳೆಯ ಮಹಡಿಗೆ ಕಾದಿರುವ ಕಂಬಿಗಳು

ರಾಜಾಜಿನಗರಕ್ಕೆ ಶಂಕುಸ್ಥಾಪನೆ ಆದದ್ದು 1949ರಲ್ಲಿ. ಕೈಗಾರಿಕಾ ಉಪನಗರವಾಗಿ ಹುಟ್ಟಿದ್ದರಿಂದ ಮನೆಗಳು ಸಣ್ಣವು, ಕಾರ್ಮಿಕರವು, ಹಲವಕ್ಕೆ ಹಂಚಿನ ಮಾಡು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹಬ್ಬಿದ ಹಂಚು ಅದು. ಹಂಚಿನ ಮಾಡು ಹಗಲು ಬಿಸಿಯಾಗುತ್ತದೆ, ಆದರೆ ಶಾಖವನ್ನು ಕೂಡಿಡುವಷ್ಟು ದಪ್ಪ ಅದಕ್ಕಿಲ್ಲ. ಕಾದ ಗಾಳಿ ಸಂದಿಗಳಲ್ಲಿ ನುಸುಳಿ ಹೋಗುತ್ತದೆ, ಸಂಜೆ ಸೂರ್ಯ ಇಳಿದ ಕೂಡಲೇ ಮಾಡೂ ತಣ್ಣಗಾಗುತ್ತದೆ. ಇನ್ನೂ ಹಳೆಯ ಮದ್ರಾಸ್ ತಾರಸಿಗಳಲ್ಲಿ ಮರದ ತೊಲೆಯ ಮೇಲೆ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆಯಲ್ಲಿ ಕುಟ್ಟಿದ ಇಟ್ಟಿಗೆ ಚೂರಿನ ಪದರ ಇರುತ್ತಿತ್ತು. ಬಿಸಿಲಿಗೂ ಕೋಣೆಗೂ ನಡುವೆ ಏನಾದರೊಂದು ಇದ್ದೇ ಇರುತ್ತಿತ್ತು.

ಆಮೇಲೆ ಮೋಲ್ಡ್ ಬಂತು. ನಮ್ಮೂರಿನಲ್ಲಿ ಆರ್‌ಸಿಸಿ ಸ್ಲ್ಯಾಬ್ ಹಾಕುವುದಕ್ಕೆ ‘ಮೋಲ್ಡ್ ಹಾಕೋದು’ ಎಂದೇ ಹೆಸರು. ಅಂದು ಕೆಲಸಗಾರರಿಗೆಲ್ಲ ಊಟ, ನೆಂಟರಿಗೆ ಸಿಹಿ. ಮೋಲ್ಡ್‌ನ ಮೇಲೆ ಬೇರೇನೂ ಬೀಳುವುದಿಲ್ಲ. ತೆಳ್ಳಗೆ ಸಿಮೆಂಟು ಬಳಿದು, ನೀರು ನಿಲ್ಲದ ಹಾಗೆ ಇಳಿಜಾರು ಕೊಟ್ಟು ಬಿಟ್ಟರೆ ಮುಗಿಯಿತು. ಯಾಕೆ ಎಂದು ಕೇಳಿದರೆ ಮೂಲೆಮೂಲೆಯಲ್ಲಿ ಎದ್ದು ನಿಂತ ತುಕ್ಕು ಹಿಡಿದ ಕಂಬಿಗಳನ್ನು ನೋಡಿ. ಪಶ್ಚಿಮ ಬೆಂಗಳೂರಿನ ಅರ್ಧಕ್ಕರ್ಧ ತಾರಸಿಗಳು ಮಾಲೀಕರ ಮನಸ್ಸಿನಲ್ಲಿ ತಾರಸಿಗಳೇ ಅಲ್ಲ, ನಾಳಿನ ಮಹಡಿಯ ನೆಲ. ಮಗನ ಮದುವೆಗೋ ಬಾಡಿಗೆಗೋ ಇನ್ನೊಂದು ಅಂತಸ್ತು ಏಳಲಿದೆ. ಏಳುವ ತನಕ ಶಾಖನಿರೋಧಕ್ಕೆ ದುಡ್ಡು ಸುರಿಯುವುದೇಕೆ? ಈ ‘ತನಕ’ ಕೆಲವು ಮನೆಗಳಲ್ಲಿ ಇಪ್ಪತ್ತು ವರ್ಷ ದಾಟಿರುತ್ತದೆ.

ಎರಡನೆಯ ಗಂಟು ಇನ್ನೂ ಬಿಗಿ. ಅಕ್ಕಪಕ್ಕದ ಮನೆಗಳು ಒತ್ತಿಕೊಂಡಿರುವುದರಿಂದ ಕೆಳಗಿನ ಮಹಡಿಗಳ ಪಕ್ಕದ ಗೋಡೆಗಳು ನೆರಳಿನಲ್ಲೇ ಇರುತ್ತವೆ. ಬಿಸಿಯೆಲ್ಲ ಮೇಲಿನ ಮಹಡಿಯದು. ಅಲ್ಲಿರುವವರು ಬಹುತೇಕ ಬಾಡಿಗೆದಾರರು. ತಾರಸಿಯ ಮೇಲೆ ಶೀಟು ಹೊದಿಸಿ ಬ್ಯಾಚುಲರ್‌ಗಳಿಗೆಂದು ಕಟ್ಟಿದ ಒಂಟಿ ಕೋಣೆಯನ್ನಂತೂ ಕೇಳುವುದೇ ಬೇಡ. ತಾರಸಿಗೆ ಖರ್ಚು ಮಾಡಬೇಕಾದವರು ಮಾಲೀಕರು, ಬೇಯುವವರು ಬಾಡಿಗೆದಾರರು, ಕರೆಂಟ್ ಬಿಲ್ಲೂ ಅವರದೇ. 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್‌ನ ಒಳಗಿನ ಮನೆಗಳಿಗೆ ಬಿಲ್ಲೂ ಸೊನ್ನೆ. ಬಡವರ ಮನೆಗೆ ಅದು ನೆರವು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಮನೆಯ ವಿನ್ಯಾಸ ಕೆಟ್ಟಿದೆ ಎಂದು ತಿಂಗಳು ತಿಂಗಳು ನೆನಪಿಸುತ್ತಿದ್ದ ಒಂದೇ ಒಂದು ಕಾಗದ ಆ ಬಿಲ್ ಆಗಿತ್ತು.

ಪರಿಹಾರ ದುಬಾರಿಯೂ ಅಲ್ಲ, ಕಠಿಣವೂ ಅಲ್ಲ. ಅತಿ ಅಗ್ಗದ್ದು ಬಿಳಿ. ಹಳೆಯ ಬೂದು ಕಾಂಕ್ರೀಟು ಬಿಸಿಲಿನ ಹೆಚ್ಚಿನ ಪಾಲನ್ನು ಹೀರುತ್ತದೆ. ಹೊಸದಾಗಿ ಬಳಿದ ಒಳ್ಳೆಯ ಬಿಳಿ ಲೇಪ ಮುಕ್ಕಾಲು ಪಾಲಿನಷ್ಟನ್ನು ವಾಪಸು ಕಳಿಸುತ್ತದೆ. ಧೂಳು ಕೂತಂತೆ ಅದರ ಗುಣ ಇಳಿಯುವುದರಿಂದ ತೊಳೆಯುತ್ತಿರಬೇಕು, ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಬಿಳಿ ಟೈಲ್ಸ್ ಚೂರುಗಳನ್ನು ಹಾಸುವ ಚೈನಾ ಮೊಸಾಯಿಕ್ ಹೆಚ್ಚು ಕಾಲ ಬಾಳುತ್ತದೆ, ನೀರು ಸೋರುವುದನ್ನೂ ತಡೆಯುತ್ತದೆ.

ಇದಕ್ಕಿಂತ ಒಂದು ಹೆಜ್ಜೆ ಮೇಲಿನದು ಶಾಖನಿರೋಧಕ ಹಲಗೆ. ಮೇಲೆ ಏನೂ ಇಲ್ಲದ ಆರಿಂಚಿನ ಸ್ಲ್ಯಾಬ್‌ನ ‘ಯು ಮೌಲ್ಯ’, ಅಂದರೆ ಹೊರಗಿಗೂ ಒಳಗಿಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನಲ್ಲಿ ಹರಿದುಬರುವ ಶಾಖ, ಸುಮಾರು ಮೂರೂವರೆ ವ್ಯಾಟ್. ಕೇಂದ್ರ ಸರ್ಕಾರ ವಾಸದ ಕಟ್ಟಡಗಳಿಗಾಗಿ 2018ರ ಡಿಸೆಂಬರ್‌ನಲ್ಲಿ ತಂದ ‘ಇಕೋ ನಿವಾಸ್ ಸಂಹಿತಾ’ ಪ್ರಕಾರ ಅದು 1.2 ದಾಟಬಾರದು. ಮೂರೂವರೆಯಿಂದ 1.2ಕ್ಕೆ ಇಳಿಸಲು ಏನು ಬೇಕು? ಒಂದಿಂಚು ದಪ್ಪದ ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮಿನ ಹಲಗೆ ಸಾಕು. ಲೆಕ್ಕ ಹಾಕಿದರೆ 0.9ರ ಹತ್ತಿರ ಬರುತ್ತದೆ. ಹಲಗೆ ಹಾಸಿ ಮೇಲೆ ಟೈಲ್ಸ್ ಕೂರಿಸಿದರೆ ಬಟ್ಟೆ ಒಣಗಿಸುವುದಕ್ಕೂ ಸಂಡಿಗೆ ಇಡುವುದಕ್ಕೂ ತಾರಸಿ ಮೊದಲಿನ ಹಾಗೇ ಇರುತ್ತದೆ. ನಾಳೆ ಮಹಡಿ ಏರಿಸುವುದಾದರೆ ಕಿತ್ತು ಮೇಲಕ್ಕೆ ಹಾಕಬಹುದು. ಕಂಬಿಯ ನೆಪ ಅಲ್ಲಿಗೆ ಮುಗಿಯಿತು.

ಮನೆ ಇನ್ನೂ ಕಟ್ಟಬೇಕಾಗಿದ್ದರೆ ಆಯ್ಕೆ ಹೆಚ್ಚು. ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ ಫಿಲ್ಲರ್ ಸ್ಲ್ಯಾಬ್‌ನಲ್ಲಿ, ಕಾಂಕ್ರೀಟಿಗೆ ಭಾರ ಹೊರುವ ಕೆಲಸವಿಲ್ಲದ ಕೆಳಭಾಗದಲ್ಲಿ ಹಂಚುಗಳನ್ನು ಹುದುಗಿಸುತ್ತಾರೆ. ಸಿಮೆಂಟೂ ಉಳಿಯುತ್ತದೆ, ಹಂಚುಗಳ ನಡುವಿನ ಗಾಳಿ ಶಾಖವನ್ನೂ ತಡೆಯುತ್ತದೆ. ಸೋಲಾರ್ ಪ್ಯಾನೆಲ್ಲುಗಳನ್ನು ಕೊಂಚ ಎತ್ತರಿಸಿ ಕೂರಿಸಿದರೆ ಅವು ತಾರಸಿಗೆ ಕೊಡೆಯೂ ಆಗುತ್ತವೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಆದರೆ ಕಾದ ತಾರಸಿಯ ಮೇಲೆ ಪ್ಯಾನೆಲ್ ಹಾಕಿ, ಆ ಕರೆಂಟಿನಲ್ಲಿ ಕೆಳಗೆ ಎಸಿ ಓಡಿಸಿ, ‘ನಮ್ಮದು ಸೋಲಾರ್ ಮನೆ’ ಎನ್ನುವವರನ್ನೂ ಕಂಡಿದ್ದೇನೆ. ಮೊದಲು ಶಾಖವನ್ನು ತಡೆಯುವುದು, ಆಮೇಲೆ ಕರೆಂಟ್ ಮಾಡುವುದು. ಕ್ರಮ ತಿರುಗಿದರೆ ದುಡ್ಡು ಎರಡು ಸಲ ಹೋಗುತ್ತದೆ.

ಪಡುವಣದ ಗೋಡೆ

ತಾರಸಿಯ ನಂತರದ ಕಳ್ಳ ಪಶ್ಚಿಮದ ಗೋಡೆ. ದಕ್ಷಿಣದ ಬಿಸಿಲನ್ನು ಪಳಗಿಸುವುದು ಸುಲಭ. ಡಿಸೆಂಬರ್ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿದಾಗಲೂ ಬೆಂಗಳೂರಿನಲ್ಲಿ ದಿಗಂತದಿಂದ 53 ಡಿಗ್ರಿಗಿಂತ ಮೇಲೆಯೇ ಇರುತ್ತಾನೆ. ಎರಡಡಿ ಸಜ್ಜೆ ಇದ್ದರೆ ಅದರ ಕೆಳಗೆ ಎರಡೂಮುಕ್ಕಾಲು ಅಡಿಯಷ್ಟು ನೆರಳು. ಜೂನ್‌ನಲ್ಲಿ ಸೂರ್ಯ ಉತ್ತರಕ್ಕೆ ಹೋಗುತ್ತಾನೆ, ಆಗ ಅವನು ಇನ್ನೂ ಎತ್ತರ. ಉತ್ತರದ ಕಿಟಕಿಗೆ ಗೇಣುದ್ದದ ಸಜ್ಜೆಯೂ ನಡೆಯುತ್ತದೆ. ಪಶ್ಚಿಮದಲ್ಲಿ ಈ ಆಟ ನಡೆಯುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಸೂರ್ಯ 32 ಡಿಗ್ರಿಗೆ ಇಳಿದಿರುತ್ತಾನೆ, ಅದೇ ಎರಡಡಿ ಸಜ್ಜೆ ಕೊಡುವ ನೆರಳು ಒಂದೂಕಾಲು ಅಡಿ. ಇನ್ನೊಂದು ಗಂಟೆ ಕಳೆದರೆ ಅರ್ಧ ಅಡಿಗಿಂತ ಚೂರು ಹೆಚ್ಚು. ಸಜ್ಜೆಯ ಕೆಳಗಿನಿಂದ ಬಿಸಿಲು ನೇರ ಮಂಚಕ್ಕೇ ಬರುತ್ತದೆ.

ಹಾಗಾಗಿ ಪಶ್ಚಿಮಕ್ಕೆ ಬೇಕಾದದ್ದು ಅಡ್ಡ ಸಜ್ಜೆಗಿಂತ ನಿಂತ ಮರೆ. ಮಣ್ಣಿನ ಜಾಲಿ, ಹಬ್ಬಿಸಿದ ಬಳ್ಳಿ, ರಸ್ತೆಯ ಬದಿಗೊಂದು ಹೊಂಗೆ. ಜಾಗವೇ ಇಲ್ಲದಿದ್ದರೆ ಮೆಟ್ಟಿಲು, ಬಚ್ಚಲು, ಬಟ್ಟೆಯ ಕಪಾಟು ಇವನ್ನೆಲ್ಲ ಪಶ್ಚಿಮದ ಗೋಡೆಗೆ ಆನಿಸಿದರೆ ಬಿಸಿ ಅವುಗಳಲ್ಲೇ ತಂಗುತ್ತದೆ. ಇದಕ್ಕೆ ನಯಾಪೈಸೆ ಖರ್ಚಿಲ್ಲ, ನಕ್ಷೆಯಲ್ಲಿ ಎರಡು ಗೆರೆ ಆಚೀಚೆ ಮಾಡಬೇಕು ಅಷ್ಟೆ.

ಇಲ್ಲಿ ವಾಸ್ತುವಿನ ಮಾತು ಬಂದೇ ಬರುತ್ತದೆ, ತಪ್ಪಿಸಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ. ಯಜಮಾನನ ಮಲಗುವ ಕೋಣೆ ನೈಋತ್ಯಕ್ಕೆ ಎನ್ನುತ್ತಾರೆ. ನಮ್ಮ ಊರಿನಲ್ಲಿ ದಿನವೆಲ್ಲ ಬಿಸಿಲು ತಿಂದು ರಾತ್ರಿ ಒಂಬತ್ತಕ್ಕೂ ಕಾದಿರುವ ಮೂಲೆ ಅದೇ. ಆದರೆ ಅದೇ ವಾಸ್ತು ನೈಋತ್ಯ ಭಾರವಾಗಿರಲಿ, ಈಶಾನ್ಯ ಹಗುರವಾಗಿ ತೆರೆದಿರಲಿ ಎಂದೂ ಹೇಳುತ್ತದೆ. ಅದನ್ನು ಅಕ್ಷರಶಃ ಪಾಲಿಸಿ ನೈಋತ್ಯದ ಗೋಡೆಯನ್ನು ಒಂಬತ್ತಿಂಚಿನ ಇಟ್ಟಿಗೆಯಲ್ಲಿ ದಪ್ಪಗೆ ಕಟ್ಟಿ ಕಿಟಕಿಯನ್ನು ಕಿರಿದಾಗಿಸಿದರೆ ಶಾಸ್ತ್ರಕ್ಕೂ ಥರ್ಮಾಮೀಟರಿಗೂ ಜಗಳವಿಲ್ಲ. ನಾವು ಮಾಡುವುದು ಕೋಣೆಯನ್ನು ನೈಋತ್ಯಕ್ಕೆ ಹಾಕಿ, ಗೋಡೆಯನ್ನು ಆರಿಂಚಿನ ಸಾಲಿಡ್ ಬ್ಲಾಕಿನಲ್ಲಿ ಎಬ್ಬಿಸಿ, ಅದರಲ್ಲೊಂದು ಆರಡಿ ಅಗಲದ ಜಾರುಗಾಜಿನ ಕಿಟಕಿ ಇಡುವುದು. ಶಾಸ್ತ್ರದ ಅರ್ಧ ಮಾತು ಕೇಳಿದವರಿಗೆ ಇಡೀ ಬೇಸಿಗೆ ನಿದ್ದೆಯಿಲ್ಲ.

ಕಿಟಕಿ ತೆರೆದರೆ ವೃಷಭಾವತಿ

ರಾತ್ರಿ ಕಿಟಕಿ ತೆರೆದು ಮಲಗಿ ಎನ್ನುವುದು ಪುಸ್ತಕದ ಸಲಹೆ. ನಾಯಂಡಹಳ್ಳಿಯಿಂದ ಕೆಂಗೇರಿಯವರೆಗೆ ಮೈಸೂರು ರಸ್ತೆಯ ಮಗ್ಗುಲಲ್ಲಿ ವೃಷಭಾವತಿ ಹರಿಯುತ್ತಾಳೆ. ಆ ದಂಡೆಯವರಿಗೆ ಈ ಸಲಹೆ ಕೊಡಲು ಎದೆಗಾರಿಕೆ ಬೇಕು. ವಾಸನೆ, ಸೊಳ್ಳೆ, ಲಾರಿಗಳ ಸದ್ದು, ಧೂಳು. ಕಿಟಕಿ ಮುಚ್ಚಿದ ಮೇಲೆ ಉಳಿಯುವುದು ಎಸಿಯೇ. ನದಿ ಕೆಟ್ಟರೆ ನೀರಿನ ಲೆಕ್ಕವಷ್ಟೇ ಅಲ್ಲ, ಬೆಸ್ಕಾಂನ ಲೆಕ್ಕವೂ ಕೆಡುತ್ತದೆ ಎಂಬುದನ್ನು ನಾವು ಇನ್ನೂ ಬರೆದಿಟ್ಟುಕೊಂಡಿಲ್ಲ.

ಇದೇ ತೊಡಕನ್ನು ಬೆಂಗಳೂರಿನ ಇನ್ನೊಂದು ತುದಿಯಲ್ಲಿ ಒಬ್ಬ ವಾಸ್ತುಶಿಲ್ಪಿ ಬಿಡಿಸಿದ ರೀತಿ ನೋಡಬೇಕು. ದೊಮ್ಮಲೂರಿನಲ್ಲಿರುವ ಇಂಧನ ಸಂಶೋಧನಾ ಸಂಸ್ಥೆ ‘ಟೆರಿ’ಯ ಕಟ್ಟಡವನ್ನು ವಿನ್ಯಾಸ ಮಾಡಿದವರು ಸಂಜಯ್ ಮೋಹೆ. ಸೈಟಿನ ದಕ್ಷಿಣಕ್ಕೆ ಗಬ್ಬು ನಾರುವ ಮೋರಿ. ಅವರು ಮೋರಿಯ ಕಡೆಗೆ ಕಟ್ಟಡದ ಬೆನ್ನು ತಿರುಗಿಸಿ, ಆ ದಕ್ಷಿಣದ ಗೋಡೆಯನ್ನು ಹೆಚ್ಚುಕಡಿಮೆ ಮುಚ್ಚಿಬಿಟ್ಟರು. ಮುಚ್ಚಿದ ಗೋಡೆಯನ್ನು ಸುಮ್ಮನೆ ಬಿಡಲಿಲ್ಲ. ಹೊರಗೆ ಕಪ್ಪು ಕಡಪ ಕಲ್ಲಿನ ಹೊದಿಕೆ, ಕಲ್ಲಿಗೂ ಒಳಗೋಡೆಗೂ ನಡುವೆ ಟೊಳ್ಳು. ಬಿಸಿಲಿಗೆ ಕಲ್ಲು ಕಾದಾಗ ಟೊಳ್ಳಿನೊಳಗಿನ ಗಾಳಿ ಹಗುರಾಗಿ ಮೇಲೇರುತ್ತದೆ; ಅದು ಖಾಲಿಮಾಡಿದ ಜಾಗಕ್ಕೆ ಕೋಣೆಗಳ ಗಾಳಿ ಬರುತ್ತದೆ, ಕೋಣೆಗಳಿಗೆ ಉತ್ತರದ ತೆರೆದ ಕಡೆಯಿಂದ ಹೊಸ ಗಾಳಿ ಬರುತ್ತದೆ. ಬಿಸಿಲು ಹೆಚ್ಚಿದಷ್ಟೂ ಸೆಳೆತ ಹೆಚ್ಚು. ಬೆಂಗಳೂರಿನ ಬಿಸಿಲನ್ನೇ ಕೂಲಿಗೆ ಹಚ್ಚಿದ ಕಟ್ಟಡ ಅದು.

ಸಣ್ಣ ಮನೆಗೆ ಅಷ್ಟೆಲ್ಲ ಬೇಡ. ಮೆಟ್ಟಿಲಿನ ಗೂಡಿನ ತುದಿಗೆ ಒಂದು ಗವಾಕ್ಷಿ ಇಟ್ಟರೆ ಅದೇ ಕೆಲಸ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಬಿಸಿಗಾಳಿ ಮೆಟ್ಟಿಲೇರಿ ಹೊರಹೋಗುತ್ತದೆ, ಕೆಳಗೆ ಸೊಳ್ಳೆಪರದೆ ಹೊಡೆದ ಕಿಟಕಿಯಿಂದ ತಂಪು ಬರುತ್ತದೆ. ಎಷ್ಟೋ ಹೊಸ ಮನೆಗಳಲ್ಲಿ ಆ ಗೂಡಿನ ತುದಿಯನ್ನು ಮಳೆ ಬೀಳುತ್ತದೆಂದು ಗಾಜಿನಿಂದ ಪೂರ್ತಿ ಮುಚ್ಚಿರುತ್ತಾರೆ. ಬಿಸಿಗಾಳಿ ಅಲ್ಲೇ ತಂಗುತ್ತದೆ.

ನೀರನ್ನೂ ಈ ಲೆಕ್ಕದಿಂದ ಹೊರಗಿಡುವ ಹಾಗಿಲ್ಲ. ಕಾವೇರಿ ನಮ್ಮ ನಲ್ಲಿಗೆ ಬರುವುದು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪಾಗಿ. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು, ಪಂಪಿನಲ್ಲಿ ಏನೂ ನಷ್ಟವಿಲ್ಲ ಎಂದುಕೊಂಡರೂ, 1.36 ಯೂನಿಟ್ ವಿದ್ಯುತ್ ಬೇಕು. ದಿನಕ್ಕೆ 400 ಲೀಟರ್ ಬಳಸುವ ಸಂಸಾರಕ್ಕೆ ವರ್ಷಕ್ಕೆ ಸುಮಾರು 200 ಯೂನಿಟ್. ಈ ಯೂನಿಟ್ಟುಗಳು ನಮ್ಮ ಮೀಟರಿನಲ್ಲಿ ಕಾಣುವುದಿಲ್ಲ, ಜಲಮಂಡಳಿಯ ಮೀಟರಿನಲ್ಲಿ ಓಡುತ್ತವೆ.

ವಿಜಯನಗರದ ಎ.ಆರ್. ಶಿವಕುಮಾರ್ ಆ ಮೀಟರನ್ನೇ ನಿಲ್ಲಿಸಿದವರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಅವರು 1990ರ ದಶಕದಲ್ಲಿ ಮನೆ ಕಟ್ಟುವಾಗ ಬೆಂಗಳೂರಿನ ನೂರು ವರ್ಷಗಳ ಮಳೆಯ ದಾಖಲೆ ತೆಗೆದು ಕೂತರು. ಎಷ್ಟು ಕೆಟ್ಟ ವರ್ಷದಲ್ಲೂ ತಮ್ಮ ಮನೆಗೆ ಬೇಕಾದಷ್ಟು ಮಳೆ ಬಿದ್ದೇ ಬೀಳುತ್ತದೆ ಎಂಬುದು ಅವರು ಕಂಡುಕೊಂಡ ಮೊದಲ ಸಂಗತಿ. ಎರಡು ಒಳ್ಳೆಯ ಮಳೆಗಳ ನಡುವಿನ ಬಿಡುವು ಸುಮಾರು ನೂರು ದಿನ ಎಂಬುದು ಎರಡನೆಯದು. ಅದಕ್ಕೆ ತಕ್ಕಂತೆ 45,000 ಲೀಟರ್ ಹಿಡಿಯುವ ತೊಟ್ಟಿಗಳನ್ನು ಮನೆಯ ಬೇರೆಬೇರೆ ಕಡೆ ಹಂಚಿದರು. ಜಲಮಂಡಳಿಯ ನಲ್ಲಿ ಹಾಕಿಸಲಿಲ್ಲ. ತಾರಸಿಯ ಮೇಲೆಯೇ ಹಿಡಿದಿಟ್ಟ ನೀರು ಪಂಪಿಲ್ಲದೆ ತಾನೇ ಕೆಳಗಿಳಿಯುತ್ತದೆ. ವರ್ಷಕ್ಕೆ 970 ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ ನೂರು ಚದರ ಮೀಟರ್ ಮಾಡಿನ ಮೇಲೆ ಬೀಳುವ ನೀರು ಸುಮಾರು 97,000 ಲೀಟರ್. ಅದರಲ್ಲಿ ಅರ್ಧ ಹಿಡಿದವರೂ ಪುಣ್ಯವಂತರು.

ಇನ್ನು ಗೋಡೆಯ ಸಾಮಾನು. ಮನೆಯಲ್ಲಿ ವಾಸ ಶುರುವಾಗುವ ಮೊದಲೇ ಇಟ್ಟಿಗೆ ಸುಡುವುದರಲ್ಲಿ, ಸಿಮೆಂಟ್ ಮಾಡುವುದರಲ್ಲಿ, ಕಬ್ಬಿಣ ಕರಗಿಸುವುದರಲ್ಲಿ ಒಂದು ಗಂಟು ಶಕ್ತಿ ಖರ್ಚಾಗಿರುತ್ತದೆ. ಇದನ್ನು ಕರ್ನಾಟಕದಲ್ಲಿ ಮೊದಲು ಗಂಭೀರವಾಗಿ ಲೆಕ್ಕ ಹಾಕಿದ್ದು ಯಶವಂತಪುರದ ಪಕ್ಕದಲ್ಲೇ, ವಿಜ್ಞಾನ ಸಂಸ್ಥೆಯಲ್ಲಿ. ಅಮೂಲ್ಯ ರೆಡ್ಡಿ 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ, ನೂರಕ್ಕೆ ಐದೆಂಟು ಪಾಲು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು. ಕೈಯಲ್ಲೇ ಒತ್ತುವ ಯಂತ್ರಕ್ಕೆ ‘ಮರ್ದಿನಿ’ ಎಂದು ಹೆಸರು. ಇಬ್ಬರೂ 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಇಂಥ ಗೋಡೆಗೆ ತಗಲುವ ಶಕ್ತಿ ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವುದರ ಸುಮಾರು ಮೂರನೇ ಒಂದು ಭಾಗ. ಕೆಂಗೇರಿಯಾಚೆ ಕಂಬೀಪುರದ ಗುಡ್‌ಅರ್ಥ್ ಮಲ್ಹಾರ್ ಬಡಾವಣೆಯಲ್ಲಿ ಈ ಮಣ್ಣಿನ ಇಟ್ಟಿಗೆಯ ಮನೆಗಳು ಸಾಲಾಗಿ ನಿಂತಿವೆ, ಬಳಸಿದ ನೀರನ್ನು ಶುದ್ಧಮಾಡಿ ಮತ್ತೆ ಬಳಸುವ ವ್ಯವಸ್ಥೆಯೂ ಇದೆ. ನೋಡಲು ಚೆಂದ. ಆದರೆ ಅದು ಒಂದೇ ಕೈಯಲ್ಲಿ ವಿನ್ಯಾಸವಾದ ಬಡಾವಣೆ, ಕೊಳ್ಳುವ ಶಕ್ತಿಯಿರುವವರದು. ಮೂವತ್ತು–ನಲವತ್ತರ ಸೈಟಿನವರಿಗೆ 2003ರ ಅದೇ ಲೆಕ್ಕಪಟ್ಟಿಯ ಇನ್ನೊಂದು ಸಾಲು ಹೆಚ್ಚು ಉಪಯುಕ್ತ: ಹಾಲೋ ಬ್ಲಾಕಿನ ಗೋಡೆಯೂ ಸುಟ್ಟ ಇಟ್ಟಿಗೆಯ ಅರ್ಧಕ್ಕಿಂತ ಕಡಿಮೆ ಶಕ್ತಿಯಲ್ಲಿ ಏಳುತ್ತದೆ. ಅಲ್ಯೂಮಿನಿಯಂ ಮಾತ್ರ ಕಿಲೋ ಲೆಕ್ಕದಲ್ಲಿ ಉಕ್ಕಿನ ಐದು ಪಟ್ಟಿಗೂ ಹೆಚ್ಚು ಶಕ್ತಿ ನುಂಗುತ್ತದೆ. ಬೈಯಬೇಕಾದದ್ದು ಬ್ಲಾಕನ್ನಲ್ಲ, ಮುಂಭಾಗದ ಶೋಗೆಂದು ಬಡಿಯುವ ಅಲ್ಯೂಮಿನಿಯಂ ಹಾಳೆಯನ್ನು.

ಕಾನೂನು ಏನು ಹೇಳುತ್ತದೆ? ಇಕೋ ನಿವಾಸ್ ಸಂಹಿತೆಯ 2018ರ ಆವೃತ್ತಿ ಅನ್ವಯವಾಗುವುದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಸೈಟುಗಳಿಗೆ. ಮೂವತ್ತು–ನಲವತ್ತು ಎಂದರೆ 111 ಚದರ ಮೀಟರ್, ನಲವತ್ತು–ಅರವತ್ತು ಎಂದರೆ 223. ಐವತ್ತು–ಎಂಬತ್ತರ ಸಾಹುಕಾರರ ಸೈಟೂ 372ಕ್ಕೆ ನಿಲ್ಲುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಬೀದಿ ಬೀದಿ ಅಲೆದರೂ ಈ ಸಂಹಿತೆಯ ಕಣ್ಣಿಗೆ ಬೀಳುವ ಸ್ವಂತ ಮನೆ ಸಿಗುವುದು ಅಪರೂಪ.

ಸಣ್ಣ ಸೈಟಿಗೆ ನಿಯಮ ಹೇರಲಾಗದು ಎಂಬ ಮಾತನ್ನು ಈ ಊರಿನಲ್ಲಿ ಯಾರೂ ಆಡುವ ಹಾಗಿಲ್ಲ. 2007ರಲ್ಲಿ ಸೋಲಾರ್ ವಾಟರ್ ಹೀಟರ್ ಕಡ್ಡಾಯವಾದಾಗ ಅದು 1200 ಚದರಡಿಯ ಸೈಟಿಗೇ ತಾಗಿತು. ಗೊಣಗಾಡಿದರು, ಹಾಕಿಸಿದರು. ಬೆಸ್ಕಾಂ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿಯನ್ನೂ ಕೊಟ್ಟಿತು. ಇಂದು ಮೆಟ್ರೋದಲ್ಲಿ ಕೂತು ವಿಜಯನಗರದ ತಾರಸಿಗಳನ್ನು ನೋಡಿದರೆ ಆ ನಿಯಮದ ಫಲ ಕಣ್ಣಿಗೇ ಕಾಣುತ್ತದೆ. 2009ರಲ್ಲಿ ಮಳೆಕೊಯ್ಲು ಬಂತು; ಹೊಸ ಮನೆಯಾದರೆ ಅದೂ 1200 ಚದರಡಿಯಿಂದಲೇ. ಎರಡು ಸಲ ಮಾಡಿದ್ದನ್ನು ಮೂರನೆಯ ಸಲ ಮಾಡಲು ಯಾವ ಹೊಸ ಶಾಸ್ತ್ರವೂ ಬೇಕಿಲ್ಲ. 1200 ಚದರಡಿ ಮತ್ತು ಮೇಲಿನ ಹೊಸ ಮನೆಗಳ ತಾರಸಿಗೆ 1.2ರ ಮಿತಿ, ಅಥವಾ ಕನಿಷ್ಠ ಬಿಳಿ ಹೊದಿಕೆ, ಎಂದು ನಕ್ಷೆ ಮಂಜೂರಾತಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಹಳೆಯ ಮನೆಗೆ ಹಾಕಿಸಿದವರಿಗೆ ಆಸ್ತಿತೆರಿಗೆಯಲ್ಲೋ ಬಿಲ್ಲಿನಲ್ಲೋ ಒಂದಿಷ್ಟು ಬಿಟ್ಟುಕೊಟ್ಟರೆ, ಬಾಡಿಗೆದಾರರ ಪರವಾಗಿ ಮಾಲೀಕರನ್ನು ಒಪ್ಪಿಸುವ ಕೆಲಸವೂ ಆಗುತ್ತದೆ.

ಕೆಂಗೇರಿಗೂ ಮಾಗಡಿ ರಸ್ತೆಗೂ ನಡುವಿನ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಬಿಡಿಎ ಹಂಚಿದ ಸಾವಿರಾರು ಸೈಟುಗಳಲ್ಲಿ ಇನ್ನೂ ಮೋಲ್ಡ್ ಬಿದ್ದಿಲ್ಲ. ಅಲ್ಲಿ ಮನೆ ಕಟ್ಟಲು ಹೊರಟವರಲ್ಲಿ ನೀವೂ ಒಬ್ಬರಾಗಿದ್ದರೆ, ಸರ್ಕಾರದ ಆ ಸಾಲಿಗೆ ಕಾಯಬೇಡಿ. ಮೇಸ್ತ್ರಿಗೆ ಅಡ್ವಾನ್ಸ್ ಕೊಡುವ ಮೊದಲು ನಕ್ಷೆ ಬಿಡಿಸಿ ಪಶ್ಚಿಮ ಯಾವ ಕಡೆ ಎಂದು ಗುರುತು ಹಾಕಿಸಿ. ತಾರಸಿಯ ಅಂದಾಜು ಪಟ್ಟಿಯಲ್ಲಿ ಶಾಖನಿರೋಧಕ ಹಲಗೆಯ ದರವನ್ನೂ ಬರೆಸಿ. ಅದರ ಪಕ್ಕದಲ್ಲೇ, ಹಾಕಿಸದೆ ಇದ್ದರೆ ಕೊಳ್ಳಬೇಕಾಗುವ ಎಸಿಯ ಬೆಲೆಯನ್ನು ನೀವೇ ಬರೆದುಕೊಳ್ಳಿ.